ಹೇಸರಗತ್ತೆ ನಿಲ್ಲಬಾರದು

ಎರಡನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಲರೂ ಮೂವತ್ತೊಂದನೆಯ ಮೀನು ಹಿಡಿದಳು. ಎಪ್ಪತ್ತೆರಡು ವರ್ಷದ ಹೆಂಗಸು, ಕೋಲ್ಟ್ ತೊರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನಿಂತು, ಕಾಲು ತನ್ನದೋ ಪಕ್ಕದ ಮನೆಯವರದೋ ಗೊತ್ತಾಗದ ಸ್ಥಿತಿಗೆ ಬಂದಿದ್ದಳು. ಜುಲೈ ತಿಂಗಳಾದರೇನು, ಹಿಮ ಕರಗಿದ ನೀರಿಗೆ ತಿಂಗಳ ಲೆಕ್ಕ ಗೊತ್ತಿಲ್ಲ.

"ಸಾಕು ಲರೂ ಅವ್ರೇ, ಮೋಡ ನೋಡಿ," ಎಂದಳು ದಡದಲ್ಲಿದ್ದ ಮಾಯ್ತೆ. ಮೀನುಗಾರಿಕೆ ಇಲಾಖೆಯ ಹುಡುಗಿ. ಹುಡುಗಿ ಎಂದರೆ ಲರೂ ಲೆಕ್ಕದಲ್ಲಿ, ಮೂವತ್ತೈದು ದಾಟಿತ್ತು.

"ಇನ್ನೊಂದೇ ಒಂದು. ಆ ಬೇರಿನ ಕೆಳಗೆ ದೊಡ್ಡ ಹೆಣ್ಣು ಮೀನಿದೆ. ನಿನ್ನೆಯಿಂದ ನನ್ನ ನೋಡಿ ನಗ್ತಿದೆ."

"ಅದು ನಿನ್ನ ಟೋಪಿ ನೋಡಿ ನಗ್ತಿರೋದು ಕಣೇ," ಎಂದ ಅವಳ ಅಣ್ಣ ವೆರ್ಲ್. ಎಪ್ಪತ್ತೈದರ ಮುದುಕ ಬಂಡೆಯ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದ.

ಲರೂ ಗಾಳ ಎಸೆದಳು. ಗರಿಯಲ್ಲಿ ಕಟ್ಟಿದ ಹುಸಿ ಹುಳು ನೀರಿನ ಮೇಲೆ ತೇಲುತ್ತಾ ಬೇರಿನ ಹತ್ತಿರ ಬಂತು. ಕೆಂಗೊರಳ ಟ್ರೌಟು ಆತುರದ ಮೀನಲ್ಲ. ಮೆಲ್ಲನೆ ಮೇಲೆದ್ದು, ನೋಡಿ, ಆಮೇಲೆ ಬಾಯಿ ತೆರೆಯುತ್ತದೆ. ಅದು ಬಾಯಿ ಮುಚ್ಚಿ ಕೆಳಗಿಳಿಯುವ ಮೊದಲೇ ಕೋಲು ಎತ್ತಿದರೆ ಗಾಳ ಬರಿದಾಗಿ ಬರುತ್ತದೆ. ಎಷ್ಟು ಹೊತ್ತು ತಡೆಯಬೇಕು ಎಂದು ಅವಳಪ್ಪ ಹೇಳಿಕೊಟ್ಟಿದ್ದ: ಪ್ರಾರ್ಥನೆಯ ಕೊನೆಗೆ 'ಆಮೆನ್' ಅನ್ನುವಷ್ಟು. ಎರಡು ಸಲ ಹೆಣ್ಣು ಮೀನು ಮೂಗು ತೋರಿಸಿ ತಿರುಗಿಹೋಯಿತು. ಮೂರನೆಯ ಸಲ ಬಾಯಿ ಮುಚ್ಚಿತು. ಲರೂ 'ಆಮೆನ್' ಎಂದು ಕೋಲು ಎತ್ತಿದಳು.

ಕೈ ಒದ್ದೆ ಮಾಡಿಕೊಂಡೇ ಅದನ್ನು ಹಿಡಿದಳು. ಗಾಳದ ಹಿಮ್ಮುಳ್ಳನ್ನು ಮೊದಲೇ ಮುರಿದಿದ್ದರಿಂದ ತುಟಿಗೆ ಗಾಯವಾಗದೆ ಬಿಡಿಸಿಕೊಂಡಿತು. ಹೊಂಬಣ್ಣದ ಮೈ, ಬಾಲದ ಕಡೆಗೆ ಒತ್ತೊತ್ತಾದ ಕಪ್ಪು ಚುಕ್ಕಿ, ದವಡೆಯ ಕೆಳಗೆ ಕುಂಕುಮ ತೀಡಿದ ಹಾಗೆ ಎರಡು ಕೆಂಪು ಗೀಟು. ಇದೇ ಇಲ್ಲಿನ ಮೂಲದ ಮೀನು, ಈ ಸ್ಟಾರ್ ವ್ಯಾಲಿ ಕಣಿವೆಗೆ ಮನುಷ್ಯರು ಬರುವ ಮೊದಲೇ ಬಂದದ್ದು.

ಉಳಿದಿದ್ದುದು ಈ ಅರ್ಧ ಮೈಲಿಯಲ್ಲಿ ಮಾತ್ರ. ಹೋದ ವರ್ಷದ ಕಾಡ್ಗಿಚ್ಚು ಎರಡೂ ಬದಿಯ ಇಳಿಜಾರನ್ನು ಬೋಳಿಸಿತ್ತು. ಒಂದು ಜೋರು ಮಳೆ ಬಿದ್ದರೆ ಬೂದಿಯೆಲ್ಲ ತೊರೆಗಿಳಿದು ಮೀನುಗಳ ಕಿವಿರು ಕಟ್ಟುತ್ತದೆ. ಆ ಮಳೆ ಇವತ್ತು ಮಧ್ಯಾಹ್ನವೇ ಬರುತ್ತದೆಂದು ರೇಡಿಯೋ ಹೇಳಿತ್ತು. ಇಲಾಖೆಯ ಹೆಲಿಕಾಪ್ಟರು ಇನ್ನೊಂದು ಬೆಟ್ಟದ ಬೆಂಕಿ ಆರಿಸಲು ಹೋಗಿತ್ತು. ನೀರಿಗೆ ಕರೆಂಟು ಬಿಟ್ಟು ಮೀನು ಹಿಡಿಯುವ ಯಂತ್ರವನ್ನು ಮಾಯ್ತೆ ಬೆನ್ನ ಮೇಲೆ ಹೊತ್ತು ತಂದಿದ್ದಳು. ಹಿಮದ ನೀರಲ್ಲಿ ಉಪ್ಪಿನಂಶವೇ ಇಲ್ಲದೆ ಕರೆಂಟು ಹರಿಯಲಿಲ್ಲ. ಉಳಿದದ್ದು ಗಾಳ, ಎರಡು ಹಾಲಿನ ಕ್ಯಾನು ಮತ್ತು ಬ್ಯೂಲಾ ಎಂಬ ಹೇಸರಗತ್ತೆ. ಘಟ್ಟದ ಆಚೆ, ಜಲಪಾತದ ಮೇಲೆ, ಮೀನೇ ಇಲ್ಲದ ಒಂದು ತೊರೆಯಿತ್ತು. ಅಲ್ಲಿಗೆ ಇವುಗಳನ್ನು ಜೀವಂತ ಮುಟ್ಟಿಸಬೇಕು.

ಈ ಅರ್ಧ ಮೈಲಿಯ ಕೊನೆಗೆ, ಕೆಳಗಿನ ಮೀನು ಹತ್ತಲಾರದ ಒಂದು ಬಂಡೆಯ ಮೆಟ್ಟಿಲಿತ್ತು. ಅದರ ಕೆಳಗೆ ಕೋಲ್ಟ್ ತೊರೆಯಲ್ಲಿ ಕೆಂಗೊರಳು ಒಂದೂ ಇರಲಿಲ್ಲ. ಅಲ್ಲೆಲ್ಲ ಬ್ರೂಕ್ ಟ್ರೌಟಿನ ರಾಜ್ಯ. ಹೊರಗಿನಿಂದ ಬಂದ ಮೀನು, ಮೂಲದವನ್ನು ಒಂದೊಂದಾಗಿ ಓಡಿಸಿ ತಿಂದು ಕೂತಿತ್ತು. ಚರ್ಚಿನ ಊಟಕ್ಕೆ ಕೂತಾಗ "ಯಾವ ಪಾಪಿ ತಂದು ಬಿಟ್ಟನೋ" ಎಂದು ಯಾರಾದರೂ ಶಪಿಸದ ವರ್ಷವಿಲ್ಲ. ಆಗೆಲ್ಲ ಲರೂ ಮತ್ತು ವೆರ್ಲ್ ತಟ್ಟೆಯಲ್ಲಿದ್ದ ಚೀಸ್ ಆಲೂಗಡ್ಡೆಯನ್ನು ಬಹಳ ಶ್ರದ್ಧೆಯಿಂದ ತಿನ್ನುತ್ತಿದ್ದರು. ಏಕೆಂದರೆ ಆ ಪಾಪಿಗಳು ಅವರೇ.

ನಲವತ್ತೊಂಬತ್ತು ವರ್ಷದ ಹಿಂದಿನ ಮಾತು. ಊರಿನ ಮಕ್ಕಳಿಗೆ ಹಿಡಿಯಲು ಸುಲಭದ ಮೀನಿರಲಿ ಎಂದು ಆಚೆ ಕಣಿವೆಯ ಗೆಳೆಯನ ಕೊಳದಿಂದ ಎರಡು ಕ್ಯಾನು ತುಂಬಾ ತಂದಿದ್ದರು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ. ಘಟ್ಟದಲ್ಲಿ ವೆರ್ಲ್ "ಸುಸ್ತಾಯ್ತು, ನಿಲ್ಲೋಣ" ಎಂದ. ಲರೂ ಕೇಳಲಿಲ್ಲ. ಹೇಸರಗತ್ತೆ ನಡೆದರೆ ಕ್ಯಾನಿನ ನೀರು ಕುಲುಕುತ್ತದೆ, ಕುಲುಕಿದ ನೀರಿಗೆ ಗಾಳಿ ಸೇರುತ್ತದೆ. ಅದು ನಿಂತರೆ ಮೀನಿನ ಉಸಿರೂ ನಿಲ್ಲುತ್ತದೆ. ಅವತ್ತು ಅವಳ ಹಟದಿಂದ ಒಂದು ಮೀನೂ ಸಾಯಲಿಲ್ಲ. ಆ ಹಟವೇ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ತೊರೆಯಲ್ಲೇ ಬಲೆಚೀಲದಲ್ಲಿ ಕೂಡಿಟ್ಟಿದ್ದ ಮೀನುಗಳನ್ನು ಕ್ಯಾನುಗಳಿಗೆ ತುಂಬಿ, ಸುತ್ತ ಗೋಣಿ ಸುತ್ತಿ, ನಡುವೆ ಹಿಮ ತುರುಕಿ, ಬ್ಯೂಲಾ ಮೇಲೆ ಹೇರಿ ಹೊರಟರು. ಲರೂ ಮುಂದೆ ಹಗ್ಗ ಹಿಡಿದು, ವೆರ್ಲ್ ಹಿಂದೆ, ಅವನ ಹಿಂದೆ ಮಾಯ್ತೆ. ವೆರ್ಲ್‌ಗೆ ಲರೂ "ನಿನಗೆ ಬೇಡ, ಮಂಡಿ ನೆಟ್ಟಗಿಲ್ಲ" ಎಂದರೂ ಬಂದಿದ್ದ. ಒಂದೂವರೆ ಗಂಟೆ ಏರಿದ ಮೇಲೆ ಘಟ್ಟದ ನೆತ್ತಿಗೆ ಸ್ವಲ್ಪ ಕೆಳಗೆ ಒಂದು ಹುಲ್ಲುಬಯಲು. ಅಲ್ಲಿ ವೆರ್ಲ್‌ನ ಕಾಲು ನೆಲ ತೋಡುವ ಅಳಿಲಿನ ಬಿಲಕ್ಕೆ ಇಳಿಯಿತು. ಮಂಡಿ ಲಟಕ್ಕೆಂದ ಸದ್ದು ಲರೂಗೂ ಕೇಳಿಸಿತು.

ಮಾಯ್ತೆ ಓಡಿ ಬಂದು ಮುಟ್ಟಿ ನೋಡಿದಳು. "ನಡೆಯೋಕಾಗಲ್ಲ ಇವರಿಗೆ. ಕ್ಯಾನು ಇಳಿಸಿ ಲರೂ ಅವ್ರೇ, ಇವರನ್ನ ಹತ್ತಿಸಿ ಕೆಳಗೆ ಹೋಗೋಣ."

ಲರೂ ನಿಲ್ಲಲಿಲ್ಲ. ಬ್ಯೂಲಾಳನ್ನು ತಿರುಗಿಸಿ, ನೆಲದ ಮೇಲೆ ಬಿದ್ದ ಅಣ್ಣನ ಸುತ್ತ ಸುತ್ತು ಹಾಕತೊಡಗಿದಳು.

"ಏನ್ ಮಾಡ್ತಿದೀರಿ? ನಿಲ್ಸಿ!"

"ನಿಲ್ಸಿದ್ರೆ ಸಾಯ್ತವೆ."

"ಮೀನು ಮೀನೇ, ಮನುಷ್ಯ ಮನುಷ್ಯನೇ!"

"ನಾನೇನು ಹೆಣಾನಾ ಸುತ್ತು ಹಾಕೋಕೆ?" ಎಂದು ವೆರ್ಲ್ ಹಲ್ಲು ಕಚ್ಚಿಕೊಂಡೇ ಗೊಣಗಿದ.

ಎರಡನೆಯ ಸುತ್ತಿಗೆ ಲರೂ ಕಣ್ಣಲ್ಲಿ ನೀರಿತ್ತು. ಅಣ್ಣನ ಮುಖ ಬಿಳಿಚಿಕೊಂಡಿರುವುದು ಅವಳಿಗೂ ಕಾಣುತ್ತಿತ್ತು. "ಮಾಯ್ತೆ, ಕೇಳು. ಕೆಳಗಿನ ತೊರೇಲಿ ಆ ಬ್ರೂಕ್ ಮೀನು ಇದೆಯಲ್ಲ, ಅದನ್ನ ತಂದು ಬಿಟ್ಟಿದ್ದು ನಾನು. ಇದೇ ದಾರೀಲಿ. ಹೀಗೇ, ಹಾಲಿನ ಕ್ಯಾನಲ್ಲಿ."

"ಬಾಯ್ ಮುಚ್ಚೇ ಲರೂ," ಎಂದ ವೆರ್ಲ್.

"ಮುಚ್ಚಿದ್ದು ಸಾಕು. ಐವತ್ತು ವರ್ಷ ಆಗ್ತಾ ಬಂತು."

ಮೂರನೆಯ ಸುತ್ತಿನಲ್ಲಿ ಲರೂ ಕಾಲು ತಡವರಿಸಿತು. ನಡೆದರೆ ಅಣ್ಣನನ್ನು ಬಿಟ್ಟ ಹಾಗೆ, ನಿಂತರೆ ಮೀನನ್ನು. ಹಗ್ಗ ಹಿಡಿದ ಕೈ ಸಡಿಲವಾಯಿತು, ಬ್ಯೂಲಾ ಹೆಜ್ಜೆ ನಿಧಾನ ಮಾಡಿತು.

ವೆರ್ಲ್ ತನ್ನ ಟೋಪಿ ತೆಗೆದು ಬ್ಯೂಲಾ ಹಿಂಗಾಲಿಗೆ ಎಸೆದ. "ನಿಲ್ಲಬೇಡ ಕಣೇ! ಈ ಹುಡುಗಿ ಇದಾಳೆ, ತಾಡಪಾಲು ಇದೆ. ಮಂಡಿ ಹೋಗಿದೆ ಅಷ್ಟೇ, ಪ್ರಾಣ ಅಲ್ಲ. ನಡೀ ಅಂದ್ರೆ ನಡೀ!"

ಮಾಯ್ತೆ ಅವನನ್ನೊಮ್ಮೆ, ಕ್ಯಾನನ್ನೊಮ್ಮೆ ನೋಡಿ ಕೊರಳಲ್ಲಿದ್ದ, ನೀರಿನ ಬಿಸುಪು ನೋಡುವ ಥರ್ಮಾಮೀಟರನ್ನು ಲರೂ ಕಡೆ ಚಾಚಿದಳು. ಲರೂ ನಡೆಯುತ್ತಲೇ ಕಿತ್ತುಕೊಂಡು, ನಾಲ್ಕನೆಯ ಸುತ್ತನ್ನು ಅರ್ಧಕ್ಕೆ ಬಿಟ್ಟು ಘಟ್ಟದ ಕಡೆ ತಿರುಗಿದಳು. ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ನಿಲ್ಲುತ್ತಿದ್ದಳು.

ನೆತ್ತಿಯ ಆಚೆ ಬದಿಯಲ್ಲಿ ಹಳೆಯ ಹಿಮದ ಪಟ್ಟಿಯೊಂದು ದಾರಿಗೆ ಅಡ್ಡ ಬಿದ್ದಿತ್ತು. ಬ್ಯೂಲಾ ಅದನ್ನು ಮೂಸಿ ನಾಲ್ಕು ಕಾಲೂ ಊರಿ ನಿಂತುಬಿಟ್ಟಿತು. ಎಳೆದರೆ ಬರಲಿಲ್ಲ, ಬೈದರೆ ಕಿವಿ ಅಲ್ಲಾಡಿಸಿತು. ಲರೂ ಎರಡೂ ಕ್ಯಾನುಗಳನ್ನು ಕೈಯಿಂದ ಕುಲುಕಿದಳು. ಆಮೇಲೆ ಹಿಮದೊಳಗೆ ಇಳಿದು, ತೊಡೆಯವರೆಗೆ ಹೂತುಕೊಂಡು, ತಾನೇ ತುಳಿದು ದಾರಿ ಮಾಡಿದಳು. ಹೋಗಿ ಬಂದು ಕುಲುಕಿದಳು, ಮತ್ತೆ ತುಳಿದಳು. ಸೊಂಟ ಕಿತ್ತುಬರುತ್ತಿತ್ತು. ಮೂರನೆಯ ಸಲ ಬ್ಯೂಲಾ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ಇವಳ ಕಾಟ ತಾಳಲಾರೆ ಎಂಬಂತೆ, ಹಿಂದೆಯೇ ಬಂತು.

ಆಚೆ ತೊರೆಯಲ್ಲಿ ಕ್ಯಾನುಗಳನ್ನು ಅರ್ಧ ಮುಳುಗಿಸಿ, ಹಳೆಯ ನೀರಿಗೆ ಹೊಸ ನೀರನ್ನು ಲೋಟ ಲೋಟವಾಗಿ ಸೇರಿಸಿ, ಎರಡರ ಬಿಸುಪು ಸಮವಾದ ಮೇಲೆ ಬಾಗಿಸಿದಳು. ಒಂದು ಮೀನು ಸತ್ತಿತ್ತು. ಉಳಿದವು ಒಂದೊಂದಾಗಿ ಕಲ್ಲುಗಳ ಸಂದಿಗೆ ಸರಿದವು. ದೊಡ್ಡ ಹೆಣ್ಣು ಮಾತ್ರ ಅವಳ ಬೂಟಿನ ಪಕ್ಕದಲ್ಲೇ ಸ್ವಲ್ಪ ಹೊತ್ತು ಕಿವಿರಾಡಿಸುತ್ತಾ ನಿಂತು, ಆಮೇಲೆ ಆಳಕ್ಕೆ ಹೋಯಿತು. ಲರೂ ಜೋರಾಗಿ ಅತ್ತಳು. ನಾಚಿಕೊಳ್ಳಲು ಅಲ್ಲಿ ಬ್ಯೂಲಾ ಬಿಟ್ಟು ಯಾರೂ ಇರಲಿಲ್ಲ.

ಅವಳು ಹುಲ್ಲುಬಯಲಿಗೆ ಮರಳುವಾಗ ಮಳೆ ಧೋ ಎನ್ನುತ್ತಿತ್ತು. ಕೆಳಗೆ ಕೋಲ್ಟ್ ತೊರೆ ಆಗಲೇ ಡಾಂಬರಿನಂತೆ ಕಪ್ಪಾಗಿ ಹರಿಯುತ್ತಿತ್ತು. ತಾಡಪಾಲಿನ ಕೆಳಗೆ ವೆರ್ಲ್ ಕಾಲು ಚಾಚಿಕೊಂಡು ಕೂತಿದ್ದ. ಮಂಡಿಗೆ ಗಾಳದ ಕೋಲಿನ ಎರಡು ತುಂಡು ಕಟ್ಟಿತ್ತು.

"ಎಷ್ಟು ಹೋಯ್ತು?" ಎಂದು ಕೇಳಿದ.

"ಒಂದು."

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ.

ಮಾಯ್ತೆ ಒದ್ದೆಯಾದ ಪುಸ್ತಕ ತೆರೆದಳು. "ಲರೂ ಅವ್ರೇ, ಇವರು ಎಲ್ಲ ಹೇಳಿದ್ರು. ಬ್ರೂಕ್ ಮೀನು ತಂದಿದ್ದು ಇವರೊಬ್ಬರೇ ಅಂತೆ. ನೀವು ಅಣ್ಣನ್ನ ಉಳಿಸೋಕೆ ಸುಳ್ಳು ಹೇಳಿದ್ರಂತೆ. ಹಾಗೇ ಬರ್ಕೊಂಡಿದೀನಿ."

ಲರೂ ಅಣ್ಣನನ್ನು ನೋಡಿದಳು. ಅವನು ಮಳೆಯನ್ನು ನೋಡುತ್ತಿದ್ದ.

"ಹೊಡೆದ್ ಹಾಕು ಅದನ್ನ," ಎಂದಳು. "ಅವತ್ತು ಇವನು ಇದೇ ಜಾಗದಲ್ಲಿ ನಿಲ್ಲೋಣ ಅಂದ. ನಿಂತಿದ್ರೆ ಆ ಮೀನೆಲ್ಲ ಇಲ್ಲೇ ಸತ್ತು ತೊರೆ ಉಳೀತಿತ್ತು. ನಿಲ್ಲದೆ ನಡೆಸಿದ್ದು ನಾನು. ನನ್ನ ಹೆಸರು ಬರಿ."

ಮಾಯ್ತೆ ಪೆನ್ಸಿಲು ಹಿಡಿದು ಇಬ್ಬರನ್ನೂ ನೋಡಿದಳು.

"ಸರಿ, ಬರ್ಕೊಳಮ್ಮ," ಎಂದ ವೆರ್ಲ್ ಕೊನೆಗೆ. "ಅವತ್ತು ನಿಲ್ಲು ಅಂದೆ, ಕೇಳಲಿಲ್ಲ. ಇವತ್ತು ನಿಲ್ಲಬೇಡ ಅಂದೆ, ಕೇಳಿದ್ಲು. ಹುಟ್ಟಿದಾಗಿನಿಂದ ಇವಳು ನನ್ನ ಮಾತು ಕೇಳಿದ್ದು ಇದೊಂದೇ ಸಲ. ಅದನ್ನೂ ಬರಿ."

ಅವಳು ಬರೆದುಕೊಂಡಳು. ಆಮೇಲೆ ಇಬ್ಬರೂ ಸೇರಿ ಅವನನ್ನು ಎತ್ತಿ ಬ್ಯೂಲಾ ಮೇಲೆ ಕೂರಿಸಿದರು.