ಫಕೀರವ್ವನಿಗೊಂದು ಶರಣು

ಕುಂದಗೋಳದ ಕಡೆಯ ಒಂದು ಹಳ್ಳಿಯ ಸೊಸೈಟಿ ಆಫೀಸಿನಲ್ಲಿ ನಂದಾ ಕಂಪ್ಯೂಟರ್ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅಷ್ಟೂ ದಿನ ಅಲ್ಲಿ ಕಸ ಹೊಡೆಯುವ ಫಕೀರವ್ವ, ವಯಸ್ಸಿನಲ್ಲಿ ಅವಳ ಅಜ್ಜಿಯಂಥವಳು, ಅವಳನ್ನು ಕಂಡೊಡನೆ ಕಸಬರಿಗೆ ನಿಲ್ಲಿಸಿ “ನಮಸ್ಕಾರ್ರಿ ಅಕ್ಕಾರ” ಅನ್ನುತ್ತಿದ್ದಳು. ನಂದಾ ತಲೆ ತಗ್ಗಿಸಿ ಕುರ್ಚಿಗೆ ಹೋಗಿಬಿಡುತ್ತಿದ್ದಳು. ಮಾತು ಗಂಟಲಲ್ಲೇ ಕೂರುವ ಹುಡುಗಿ, ಎಲ್ಲರಿಗೂ ಗೊತ್ತಿದ್ದದ್ದೇ.

ಆ ಸೋಮವಾರ ಫಕೀರವ್ವ ಏನೂ ಅನ್ನಲಿಲ್ಲ. ಕಸಬರಿಗೆಯೂ ನಿಲ್ಲಲಿಲ್ಲ.

ಸೆಕ್ರೆಟರಿ ಶಂಭುಲಿಂಗಪ್ಪನವರು ಚಹಾ ಕುಡಿಯುತ್ತ ಕೆಣಕಿದರು. “ಯಾಕಬೇ ಫಕೀರವ್ವಾ, ಇವತ್ತ ನಮಸ್ಕಾರ ತೀರಿದೂವೇನ?”

“ಗ್ವಾಡಿಗೆ ಹೇಳಿದ್ರ ಗ್ವಾಡೀನೂ ಒಂದ ಸಲ ಓ ಅಂತೈತ್ರಿ ಸಾಹೇಬ್ರ.”

“ಅದು ನಾಚಿಕಿ ಹುಡುಗಿ. ಮನಸಿಗೆ ಹಚ್ಕೋಬ್ಯಾಡ.”

“ನಿಮಗ ಶರಣ್ರಿ ಅನ್ನೂಮುಂದ ಆ ನಾಚಿಕಿ ಎಲ್ಲಿ ಹೋಗಿರತೈತ್ರಿ?”

ಶಂಭುಲಿಂಗಪ್ಪನವರು ನಕ್ಕರು. ನಂದಾಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ನಿಜ. ಅವರು ಬಂದಾಗ ದಿನಾ ಎದ್ದು ಕೈ ಜೋಡಿಸುತ್ತಿದ್ದಳು. ಗೊಬ್ಬರ ಒಯ್ಯಲು ಬರುವ ಗೌಡರಿಗೂ. ದೊಡ್ಡವರಿಗೆ ಶರಣು ಅನ್ನಬೇಕೆಂದು ಮನೆಯಲ್ಲಿ ಕಲಿಸಿದ್ದರು. ಆ ದೊಡ್ಡವರಲ್ಲಿ ಫಕೀರವ್ವನ ಓಣಿಯವರು ಯಾರೂ ಇರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳದೆಯೇ ಕಲಿತಿದ್ದಳು. ಅವಳ ನಾಚಿಕೆಯೂ ಮುಖ ನೋಡಿಯೇ ಮಣೆ ಹಾಕುತ್ತಿತ್ತು.

ಮರುದಿನ ಮೊದಲ ಬಸ್ಸಿಗೇ ಬಂದಳು. ಆಫೀಸಿನಲ್ಲಿ ಫಕೀರವ್ವ ಒಬ್ಬಳೇ.

“ಶರಣ್ರಿ ಯವ್ವಾ.”

ಫಕೀರವ್ವ ಬಾಗಿಲಾಚೆ ಇಣುಕಿದಳು. “ಸಾಹೇಬ್ರ ಇನ್ನ ಬಂದಿಲ್ರಿ.”

“ನಿಮಗೇ ಅಂದೇನ್ರಿ.”

“ಯಾರೂ ಇಲ್ಲದಾಗ ಅಂದ್ರಿ,” ಎಂದು ಫಕೀರವ್ವ ಬಕೆಟ್ ಎತ್ತಿಕೊಂಡು ನೀರಿಗೆ ಹೋದಳು. ಸಿಟ್ಟಿನ ದನಿಯಲ್ಲ, ಕಂಡದ್ದನ್ನು ಹೇಳಿದ ದನಿ. ಅದೇ ಹೆಚ್ಚು ಚುಚ್ಚಿತು.

ಹತ್ತು ಗಂಟೆಗೆ ಶಂಭುಲಿಂಗಪ್ಪನವರು ಇಬ್ಬರು ರೈತರೊಂದಿಗೆ ಒಳಬಂದರು. ಫಕೀರವ್ವ ಪಕ್ಕದ ಮೇಜು ಒರೆಸುತ್ತಿದ್ದಳು. ಈಗ ಎಲ್ಲರೆದುರೇ ಅವಳಿಗೆ ಅನ್ನಲೇಬೇಕೆಂದು ನಂದಾ ಎದ್ದಳು. ಆದರೆ “ಶರಣ್ರಿ ಸರ” ರೂಢಿಯಂತೆ ಬಾಯಿಂದ ಹೊರಟೇಬಿಟ್ಟಿತು. ಜೋಡಿಸಿದ ಕೈಗಳನ್ನು ಬಿಡದೆ ಈಚೆ ತಿರುಗಿದಳು.

“ಫಕೀರವ್ವಾರ, ಶರಣ್ರಿ.”

ದನಿ ಅರ್ಧಕ್ಕೇ ಒಡೆಯಿತು. ರೈತರು ಇತ್ತ ತಿರುಗಿದರು. ಶಂಭುಲಿಂಗಪ್ಪನವರು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದರು.

ಫಕೀರವ್ವ ಒರೆಸುವ ಅರಿವೆಯನ್ನು ಹಿಂಡಿದಳು. ನಂದಾಗಷ್ಟೇ ಕೇಳುವಂತೆ, “ಮೊದಲ ಅವರಿಗೇ ಬಂತಲ್ರಿ,” ಎಂದಳು. ಆಮೇಲೆ, “ಇರ್ಲಿ. ಬಂತಲ್ಲ.”

ನಂದಾ ಕೂತಳು. ಕಿವಿಗಳು ಇನ್ನೂ ಸುಡುತ್ತಿದ್ದವು.