ಬರೆಯುತ್ತಲೇ ಕೂತ ಪೆಟ್ಟಿಗೆ

ನಮ್ಮ ರೇಷ್ಮೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ದಿನ. ಹುಳುಮನೆಯಲ್ಲಿ ಸೆಕೆ ಏರಿದರೆ ಗೋಡೆಯ ಸೆನ್ಸಾರುಗಳು ಕಂಪನಿಯವರು ಕೂರಿಸಿದ ಕಂಪ್ಯೂಟರ್ ಪೆಟ್ಟಿಗೆಗೆ ವೈಫೈನಲ್ಲಿ ಸುದ್ದಿ ಕಳಿಸಬೇಕು, ಪೆಟ್ಟಿಗೆ ಫ್ಯಾನು ಹಾಕಬೇಕು. ಹೋದ ವಾರ ಕಂಪನಿಯವರು ಹೊಸ ಪ್ರೋಗ್ರಾಂ ಹಾಕಿದ ಮೇಲೆ ಫ್ಯಾನು ತಡವಾಗಿ ತಿರುಗುತ್ತಿತ್ತು. ಅವತ್ತು ಮಧ್ಯಾಹ್ನವಂತೂ ತಿರುಗಲೇ ಇಲ್ಲ. ನಾನು ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ಅಷ್ಟರಲ್ಲಿ ಒಂದು ತಟ್ಟೆಯ ಹುಳುಗಳು ಸೊಪ್ಪು ಬಿಟ್ಟು ತಲೆ ಜೋಲಿಸಿದ್ದವು.

ಕಂಪನಿಯ ಮುರಳಿಮೋಹನ್ ಚಿಂತಾಮಣಿಯಿಂದ ಬಂದ.

“ಅಲ್ಲೇ ನಿಂತ್ಕೋ ಕಣಪ್ಪ. ಸೆಂಟು ಹಾಕ್ಕೊಂಡು ಒಳಗೆ ಬಂದ್ರೆ ಹುಳ ಸೊಪ್ಪು ಮುಟ್ಟಲ್ಲ,” ಅಂದೆ.

ಬಾಗಿಲಲ್ಲೇ ಫೋನು ನೋಡಿ, “ನಿಮ್ ಕಡೆ ನೆಟ್‌ವರ್ಕೇ ಸರಿಯಿಲ್ಲ ಅಜ್ಜಿ,” ಅಂದುಬಿಟ್ಟ.

ನನ್ನ ತಂಗಿಯ ಮೊಮ್ಮಗಳು ಲಾವಣ್ಯ ರಜೆಗೆ ಬಂದಿದ್ದಳು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಯಂತ್ರಗಳ ಪ್ರೋಗ್ರಾಂ ತಿದ್ದುವವಳು. ಸೊಪ್ಪಿನ ಕೈ ಒರೆಸಿಕೊಂಡು ಪೆಟ್ಟಿಗೆಗೆ ಲ್ಯಾಪ್‌ಟಾಪ್ ಸಿಕ್ಕಿಸಿದಳು. ಪರದೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ ಓಡುತ್ತಿತ್ತು.

“ಕರ್ನಲ್ ಅಂತ ಬುಡದ ಪ್ರೋಗ್ರಾಂ ಐತೆ ಅಜ್ಜಿ. ಪ್ರತಿ ಸುದ್ದಿಗೂ ‘ಬಂತು’ ಅಂತ ಒಂದು ಸಾಲು ಬರೀತದೆ. ಬರ್ದು ಮುಗಿಸೋವರ್ಗೂ ಸುದ್ದೀನ ಮುಂದಕ್ಕೆ ಬಿಡಲ್ಲ. ಸುದ್ದಿ ಗುಡ್ಡೆ ಬಿದ್ದು ಫ್ಯಾನಿನ ಸರದೀನೇ ಬರ್ತಿಲ್ಲ.”

“ಬರೀದಿದ್ರೆ ತಪ್ಪು ಎಲ್ಲೈತೆ ಅಂತ ಹೆಂಗೆ ಗೊತ್ತಾಗ್ತದೆ?” ಅಂದ ಮುರಳಿಮೋಹನ್.

“ಒಂದು ವಾರದಿಂದ ಬರ್ದಿರೋದನ್ನ ಯಾರಾದ್ರೂ ಓದಿದ್ದೀರೇನಪ್ಪ?” ಅಂದಳು ಲಾವಣ್ಯ.

ಅವನು ಮತ್ತೆ ಫೋನಿನತ್ತ ನೋಡಿದ. ನನ್ನ ಮೈ ಉರಿಯಿತು. ಐವತ್ತು ವರ್ಷದಲ್ಲಿ ಹುಳುಮನೆಯೊಳಗೆ ದನಿ ಎತ್ತಿದವಳಲ್ಲ ನಾನು. ಅಕ್ಷರ ಅರಿಯದ ನಮ್ಮತ್ತೆ ಕೂಡ ಸೆಕೆ ಕೈಗೆ ತಿಳಿದ ಕೂಡಲೇ ಕಿಟಕಿ ತೆಗೆಯುತ್ತಿದ್ದರು, ಮಾತು ಆಮೇಲೆ.

“ಹುಳ ಬೇಯ್ತಾ ಇದ್ರೆ ಇದು ಕೂತ್ಕೊಂಡು ಕಾಪಿ ಬರೀತೈತಾ? ನಿಲ್ಸಮ್ಮ ಲಾವಣ್ಯ!”

“ಆಫೀಸಲ್ಲಿ ಪರ್ಮಿಶನ್ ಕೇಳ್ಬೇಕು…” ಅಂದ ಮುರಳಿಮೋಹನ್.

“ಕೇಳ್ಕೋ ಹೋಗು, ನಿಧಾನಕ್ಕೆ!”

ಏನಾದರೂ ಕೆಟ್ಟಾಗ ಬರೆಯುವ ಸಾಲುಗಳನ್ನು ಉಳಿಸಿ, ಲಾವಣ್ಯ ಉಳಿದವುಗಳ ಬಾಯಿ ಕಟ್ಟಿದಳು. ಫ್ಯಾನು ಗಿರ್ರೆಂದಿತು. ಆ ಒಂದು ತಟ್ಟೆ ಉಳಿಯಲಿಲ್ಲ. ಮಿಕ್ಕ ಹುಳುಗಳು ಸಂಜೆಗೆ ಸೊಪ್ಪು ಕಚ್ಚಿದವು.

ಹೊರಡುವಾಗ ಅವನು ನನ್ನ ಸಹಿಗೆ ಕಾಗದ ಚಾಚಿದ. ಲಾವಣ್ಯ ಓದಿ ಹೇಳಿದಳು: ‘ರೈತರ ಕಡೆಯ ನೆಟ್‌ವರ್ಕ್ ದೋಷ. ಸರಿಪಡಿಸಲಾಗಿದೆ.’

ನನಗೆ ಬರೆಯಲು ಬರುವುದು ನನ್ನ ಹೆಸರೊಂದೇ. ಅದನ್ನು ಸುಳ್ಳಿನ ಕೆಳಗೆ ಬರೆಯಲೇ?

“ತಪ್ಪು ಪೆಟ್ಟಿಗೇದು ಅಂತ ಬರಿ. ಒಂದು ತಟ್ಟೆ ಹುಳ ಸತ್ತೋದ್ವು ಅಂತಾನೂ ಬರಿ. ಅಲ್ಲೀವರ್ಗೂ ಸಹಿ ಇಲ್ಲ.”

ಅವನು ಲಾವಣ್ಯಳ ಮುಖ ನೋಡಿದ. ಅವಳು ಪೆನ್ನು ಕೊಟ್ಟಳು. ಅವನು ಜಗುಲಿಯ ಮೇಲೆ ಕೂತು ಇನ್ನೊಂದು ಕಾಗದ ತೆಗೆದ.