ಒಳಗೆ ಬಿಟ್ಟ ಬಟ್ಟೆ

"ಒಳಗಡೆ ಬಟ್ಟೆ ಬಿಡ್ಲೇಬೇಡಮ್ಮ. ಹೊಲಿಗೆ ಪಕ್ಕಕ್ಕೇ ಕತ್ತರಿಸಿ ಬಿಸಾಕು. ಬಿಚ್ಚಿ ಸಡಿಲ ಮಾಡ್ಕೊಳ್ಳೋ ದಾರಿ ಇದ್ರೆ ತಾನೆ ಅವಳು ತಿನ್ನೋದು?"

ಹೀಗಂದವರು ನನ್ನ ಗೆಳತಿಯ ಅತ್ತೆ. ಅತ್ತೆ ಆಗಲಿರುವವರು ಅನ್ನಬೇಕು, ಮದುವೆ ಇನ್ನೂ ಆಗಿರಲಿಲ್ಲ. ನನ್ನ ಟೈಲರ್ ಅಂಗಡಿಯ ಮೇಜಿನ ಮೇಲೆ ಕೆನೆಬಣ್ಣದ ರೇಷ್ಮೆ ಹರಡಿ, ಅದರ ಮೇಲೆ ತಮ್ಮ ಮಗಳ ಹಳೇ ಗೌನೊಂದನ್ನು ಇಟ್ಟಿದ್ದರು. ಮದುವೆ ಗೌನು ಹೊಲಿಯಲು ಅದೇ ಅಳತೆಯಂತೆ. ಬಟ್ಟೆಯನ್ನೂ ಅದಕ್ಕೆ ಎಷ್ಟು ಬೇಕೋ ಅಷ್ಟೇ ತಂದಿದ್ದರು.

ನಾನು ಆ ಗೌನನ್ನು ಎತ್ತಿ ಹಿಡಿದು ನೋಡಿದೆ. ಅದರ ಅಗಲ ನನ್ನ ಗೆಳತಿಯ ಅರ್ಧ ಬೆನ್ನಿಗಷ್ಟೇ ಸಾಕಾಗುತ್ತಿತ್ತು.

ಅವಳ ವಿಷಯ ಹೇಳಿಬಿಡುತ್ತೇನೆ. ಅವಳು ಈಜು ಕಲಿಸುವವಳು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿರುತ್ತದೆ, ಅದಕ್ಕೇ ಮಕ್ಕಳೆಲ್ಲ ಸೀಟಿ ಮಿಸ್ ಅನ್ನುತ್ತಾರೆ. ನಾನು ಬರೀ ಸೀಟಿ ಅನ್ನುತ್ತೇನೆ. ಬಾಗಿಲಲ್ಲಿ ಬಂದು ನಿಂತಳೆಂದರೆ ಅಂಗಡಿಗೆ ಬೆಳಕು ಬರುವುದಿಲ್ಲ, ಅಂಥ ಭುಜ. ನೀರಿನಲ್ಲಿ ಬಡಿದು ಬಡಿದು ಬಂದ ಭುಜ ಅದು, ಮುಳುಗುವವರನ್ನು ಎಳೆದು ದಡಕ್ಕೆ ಹಾಕುವ ತೋಳು ಅವು. ಅವಳನ್ನು ಮದುವೆಯಾಗುವವನು ಕನ್ನಡಕ ರಿಪೇರಿ ಮಾಡುವ ಸಣಕಲ ಮನುಷ್ಯ. ಮೀಸೆ ಬಂದ ಮೇಲೆ ನೀರಿನ ಭಯ ಬಿಡಿಸಿಕೊಳ್ಳಲು ಅವಳ ಹತ್ತಿರ ಕಲಿಯಲು ಸೇರಿದವನು. ಮೊದಲ ದಿನ ಹೆದರಿ ಅವಳ ಕುತ್ತಿಗೆಗೆ ಜೋತುಬಿದ್ದವನು ಆಮೇಲೆ ಬಿಡಲೇ ಇಲ್ಲ ಅಂತ ಅವಳೇ ಹೇಳಿಕೊಂಡು ನಗುತ್ತಾಳೆ.

"ಅಳತೆ ಅವಳದ್ದೇ ತಗೊಂಡ್ರೆ ಆಗಲ್ವಾ ಅಮ್ಮಾ?" ಅಂದೆ.

"ಅವಳ ಅಳತೆಗೆ ಹೊಲಿದ್ರೆ ಅವಳು ಹಾಗೇ ಇರ್ತಾಳೆ. ನನ್ನ ಮದುವೇಲಿ ಬಟ್ಟೆ ಎಷ್ಟು ಬಿಗಿ ಇತ್ತು ಅಂದ್ರೆ, ಬೆಳಗ್ಗಿಂದ ಸಂಜೆ ತನಕ ನಾನು ಕೂತೇ ಇಲ್ಲ. ಈಗ್ಲೂ ಆ ಫೋಟೋ ನೋಡ್ದೋರು ಗೊಂಬೆ ಇದ್ದಂಗಿದೀರ ಅಂತಾರೆ."

ಹೆಮ್ಮೆಯಿಂದಲೇ ಹೇಳಿದರು. ಕೆಟ್ಟವರೇನಲ್ಲ. ಮಗಳಿಗೂ ಹೀಗೇ ಮಾಡಿದ್ದರು, ಅವಳಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದರು. ನಾನು ವಾದಕ್ಕೆ ಇಳಿಯಲಿಲ್ಲ. ತೊಡುವವಳು ಸೀಟಿ, ಮಾತಾಡಬೇಕಾದವಳೂ ಅವಳೇ. ಅವಳು ಬಂದು ನೋಡಿದ ತಕ್ಷಣ ಗೌನು, ರೇಷ್ಮೆ ಎಲ್ಲ ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸ್ ಹೋಗುತ್ತವೆ ಅಂದುಕೊಂಡಿದ್ದೆ.

ಸಂಜೆ ಬಂದಳು. ಆ ಗೌನನ್ನು ಎದೆಗೆ ಹಿಡಿದು ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು.

"ಇದರ ಅಳತೆಗೆ ಇಳೀತೀನಿ ಬಿಡು," ಅಂದಳು.

"ಹೇಗೆ ಇಳೀತೀಯ? ಮೂಳೆ ಕೆತ್ತಿಸ್ಕೊಂಡು ಬರ್ತೀಯಾ?"

"ರಾತ್ರಿ ಊಟ ಬಿಟ್ಟಾಯ್ತು. ಬೆಳಗ್ಗೆದೂ ಬಿಡ್ತೀನಿ. ಒಂದೇ ಒಂದು ದಿನ ಕಣೆ. ಜನ ನನ್ನ ಭುಜ ಬಿಟ್ಟು ಮುಖ ನೋಡ್ಲಿ ಅಂತ ಆಸೆ."

ಇಷ್ಟು ವರ್ಷದ ಸ್ನೇಹದಲ್ಲಿ ಅವಳ ಬಾಯಿಂದ ಇಂಥ ಮಾತು ಬಂದಿರಲಿಲ್ಲ. ಮೈ ಉರಿದುಹೋಯಿತು ನನಗೆ. ಅತ್ತೆಯ ಮೇಲೋ ಇವಳ ಮೇಲೋ ಗೊತ್ತಾಗಲಿಲ್ಲ. ರೇಷ್ಮೆಯನ್ನು ಮಡಚಿ ಬೀರುವಿಗೆ ಹಾಕಿ ಕೀಲಿ ತಿರುಗಿಸಿದೆ.

"ನೀನು ಹೊಟ್ಟೆತುಂಬ ತಿನ್ನೋ ತನಕ ಇದಕ್ಕೆ ಕತ್ತರಿ ಹಾಕಲ್ಲ."

"ಬೇರೆ ಟೈಲರ್ ಹತ್ರ ಹೋಗ್ತೀನಿ."

"ಹೋಗು. ಇನ್ನೊಂದು ವಾರ ಊಟ ಬಿಟ್ರೆ ಗಾಳಿನೇ ಎತ್ಕೊಂಡು ಹೋಗಿ ಬಿಡುತ್ತೆ, ನಡೆಯೋ ಕಷ್ಟಾನೂ ಇರಲ್ಲ."

ಯಾವತ್ತೂ ನಗುವವಳು ನಗಲಿಲ್ಲ. ಚೀಲ ಎತ್ತಿಕೊಂಡು ಹೊರಟುಹೋದಳು. ನಾನೂ ಕರೆಯಲಿಲ್ಲ. ಬೀರುವಿನ ಕೀಲಿಕೈ ಮಾತ್ರ ಸೊಂಟದಲ್ಲೇ ಇಟ್ಟುಕೊಂಡೆ.

ಅದಾಗಿ ಎಷ್ಟೋ ದಿನದ ಮೇಲೆ, ಮಟಮಟ ಮಧ್ಯಾಹ್ನ, ಕೂದಲಿಂದ ನೀರು ಸುರಿಸಿಕೊಂಡು ಬಂದು ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ನೆಲದ ಮೇಲೆ ಕುಸಿದು ಕೂತಳು. ಮುಖ ಬಿಳುಚಿಕೊಂಡಿತ್ತು.

"ಒಂದು ಮಗು ಆಳದ ಕಡೆ ಹೋಗ್ತಿತ್ತು. ಸೀಟಿ ಬಾಯಿಗಿಟ್ಟೆ, ಊದಕ್ಕೆ ಉಸಿರೇ ಇಲ್ಲ. ಕಣ್ಣು ಕತ್ತಲೆ ಕಟ್ತು."

"ಮಗು?"

"ಪಕ್ಕದಲ್ಲಿ ಈಜ್ತಿದ್ದೋರು ಯಾರೋ ಹಿಡ್ಕೊಂಡ್ರು. ಏನೂ ಆಗಿಲ್ಲ, ಅದು ನಗ್ತಾ ಇತ್ತು." ಕೈಗಳನ್ನು ತೊಡೆಯ ಮೇಲೆ ಮಗುಚಿ ನೋಡಿಕೊಂಡಳು. "ನಾನು ಹಿಡೀಬೇಕಿತ್ತು ಅದನ್ನ. ನನ್ನ ಕೆಲಸ ಅದು."

ನಾನು ಎದುರು ಅಂಗಡಿಯಿಂದ ಬನ್ನು, ಬೇಯಿಸಿದ ಮೊಟ್ಟೆ, ದೊಡ್ಡ ಲೋಟದಲ್ಲಿ ಹಾಲು ತಂದಿಟ್ಟೆ. ತಲೆ ಎತ್ತದೆ ತಿಂದಳು. ಇನ್ನೊಂದು ಬನ್ನು ತರಿಸಿಕೊಂಡಳು. ಬಾಯಿ ಒರೆಸಿಕೊಂಡು ಎದ್ದು ನಿಂತಾಗ ದನಿ ಮೊದಲಿನ ಹಾಗೆ ಆಗಿತ್ತು, ಅದೇ ಈಜುಕೊಳದ ಆ ದಡದಿಂದ ಈ ದಡಕ್ಕೆ ಕೇಳುವ ದನಿ.

"ಟೇಪ್ ತಗೋ. ನನ್ನ ಅಳತೆ ತಗೋ. ಉಸಿರು ಬಿಟ್ಟಾಗ ಅಲ್ಲ, ಪೂರ್ತಿ ಎಳ್ಕೊಂಡಾಗ ತಗೋ."

ಕೈ ಇಳಿಬಿಟ್ಟಾಗ ಒಂದು ಅಳತೆ, ಎರಡೂ ಕೈ ತಲೆ ಮೇಲೆ ಎತ್ತಿದಾಗ ಇನ್ನೊಂದು. ಅಳೆದು ರೇಷ್ಮೆ ಹಾಸಿ ನೋಡಿದರೆ ಎರಡೂ ಪಕ್ಕೆಗೂ ಬೆನ್ನಿಗೂ ಸಾಲದು. ಪೇಟೆಯನ್ನೆಲ್ಲ ಜಾಲಾಡಿದೆ. ಆ ಕೆನೆಬಣ್ಣ ಎಲ್ಲೂ ಇಲ್ಲ. ಸಿಕ್ಕಿದ್ದೊಂದು ಹಳದಿಗೆ ತಿರುಗುತ್ತಿತ್ತು, ಇನ್ನೊಂದು ಸುಣ್ಣದ ಹಾಗಿತ್ತು.

"ತೇಪೆ ಹಾಕ್ದಂಗೆ ಕಾಣುತ್ತೆ ಕಣೆ," ಅಂದೆ, ಸೋತು.

ಸೀಟಿ ನನ್ನ ಮಾತು ಕೇಳುತ್ತಿರಲಿಲ್ಲ. ಬಟ್ಟೆ ಹಾಕಿ ನೋಡುವ ಮೂಲೆಗೆ ಕಟ್ಟಿದ್ದ ಪರದೆಯನ್ನು ನೋಡುತ್ತಿದ್ದಳು. ಕಡು ನೀಲಿ ಸ್ಯಾಟಿನ್ನು. ನಾನು ಅಂಗಡಿ ತೆರೆದಾಗ ಅವಳೇ ತಂದುಕೊಟ್ಟದ್ದು.

"ಮುಚ್ಚಿಡಕ್ಕೆ ಹೋದ್ರೆ ತಾನೆ ಅದು ತೇಪೆ. ತೋರಿಸ್ಬಿಡು."

"ಅದು ಪರದೆ."

"ಕೊಟ್ಟೋಳು ನಾನು. ವಾಪಸ್ ಕೇಳ್ತಾ ಇದೀನಿ, ಕೊಡಲ್ವಾ?"

ಪರದೆ ಬಿಚ್ಚಿದೆ. ನೆಲಕ್ಕೆ ತಾಗಿ ಬಣ್ಣ ಹೋಗಿದ್ದ ಅಂಚನ್ನು ಕತ್ತರಿಸಿ ತೆಗೆದೆ, ಒಗೆದು ಇಸ್ತ್ರಿ ಮಾಡಿದೆ. ಕಂಕುಳಿಂದ ಕಾಲಿನ ತನಕ ಎರಡೂ ಪಕ್ಕಕ್ಕೆ ನೀಲಿ ಪಟ್ಟಿ, ಬೆನ್ನ ಮೇಲೆ ಈ ಭುಜದಿಂದ ಆ ಭುಜಕ್ಕೆ ಪೂರಾ ನೀಲಿ. ಕೆನೆಬಣ್ಣ ಅದರ ನಡುವೆ ಕೊಳದ ದಂಡೆಯ ಹಾಗೆ ನಿಂತಿತು. ಇನ್ನು ಹೊಲಿಗೆಯ ಒಳಗೆ, ಯಾವ ಟೈಲರೂ ಬಿಡದಷ್ಟು ಬಟ್ಟೆ ಬಿಟ್ಟೆ. ಅಂಗೈ ಅಗಲ ಬಿಟ್ಟೆ. ಬೇಕೆಂದೇ ಬಿಟ್ಟೆ.

ಹಾಕಿ ನೋಡುವ ದಿನ ಅತ್ತೆಯವರೂ ಬಂದರು. ಪರದೆ ಇಲ್ಲವಲ್ಲ, ಶಟರ್ ಎಳೆದು, ಅವರನ್ನು ಗೋಡೆ ಕಡೆ ಮುಖ ಮಾಡಿ ಕೂರಲು ಹೇಳಿದೆ. ತಪ್ಪು ಮಾಡಿದ ಮಗುವಿನ ಹಾಗೆ ಕೂತಿದ್ದರು. "ಈಗ ನೋಡಿ" ಅಂದಾಗ ತಿರುಗಿ, ಎದ್ದು ನಿಂತರು.

"ಈ ನೀಲಿ ಏನಿದು?"

"ನಾನು, ಅತ್ತೆ. ನಿಮ್ಮ ಬಟ್ಟೇಲಿ ಹಿಡೀದೆ ಉಳಿದಿದ್ದು."

"ಜನ ನಗ್ತಾರೆ."

"ನಗ್ಲಿ. ಮದುವೆ ಮನೆ ತಾನೆ."

ಅವರು ಹತ್ತಿರ ಬಂದು, ಪಕ್ಕದ ಹೊಲಿಗೆಯನ್ನು ತುದಿಯಿಂದ ಎತ್ತಿ ಒಳಗೆ ನೋಡಿದರು. "ಬಟ್ಟೆ ಬಿಡ್ಬೇಡ ಅಂದಿದ್ದೆ ನಾನು," ಅಂದರು ನನಗೆ.

"ಕೇಳಿಸ್ತು ಅಮ್ಮಾ. ಬಿಟ್ಟಿದೀನಿ."

"ಇನ್ನೂ ದಪ್ಪ ಆಗ್ತಾಳಾ ಇವಳು?"

"ಅನ್ನಿಸಿದ್ರೆ ಆಗ್ಲಿ. ಜಾಗ ಇದೆ."

"ನನ್ನ ಮಗ ಇದನ್ನ ಒಪ್ತಾನೇನು?"

"ಹೊಲೀತಿರೋವಾಗ್ಲೇ ಬಂದು ನೋಡ್ಕೊಂಡು ಹೋದ್ರು," ಅಂದಳು ಸೀಟಿ. "ಬೆನ್ನಿನ ನೀಲಿ ನೋಡಿ, ಇಲ್ಲಿ ನೀರು ಎಷ್ಟು ಆಳ ಇದೆ ಅಂತ ಕೇಳಿದ್ರು."

ಅತ್ತೆಯವರ ತುಟಿ ಅಲುಗಿತು, ಮತ್ತೆ ಬಿಗಿಯಾಯಿತು. "ಮದುವೆ ದಿನ ಇಷ್ಟು ಸಡಿಲ ಹಾಕ್ಕೊಂಡು ಯಾರಮ್ಮ ನಿಂತ್ಕೋತಾರೆ?"

"ನಾನು ನಿಂತ್ಕೊಳ್ಳಲ್ಲ ಅತ್ತೆ. ಕೂತ್ಕೋತೀನಿ."

ಹೇಳಿದವಳೇ ನನ್ನ ಮೆಷಿನ್ನಿನ ಸ್ಟೂಲನ್ನು ಕಾಲಿನಿಂದ ಎಳೆದು, ಪೂರ್ತಿ ಭಾರ ಬಿಟ್ಟು ಕೂತಳು. ನಾನು ಕಿವಿ ಕೊಟ್ಟು ಆಲಿಸಿದೆ. ಒಂದು ದಾರವೂ ಚಟ್ ಅನ್ನಲಿಲ್ಲ. ಚೀಲದಿಂದ ಬನ್ನು ತೆಗೆದು ಎರಡು ಮಾಡಿದಳು. ಒಂದನ್ನು ಅತ್ತೆಯವರ ಕಡೆ ಚಾಚಿದಳು. ಅವರು ಕೈ ಮುಂದೆ ಮಾಡಲಿಲ್ಲ. ಅವಳು ಸ್ವಲ್ಪ ಹೊತ್ತು ಚಾಚಿಕೊಂಡೇ ಇದ್ದು, ಆಮೇಲೆ ಅದನ್ನೂ ತಾನೇ ತಿಂದಳು.